ಕ್ಷಮೆಯೊಡನೆ

ಎರಡು ವರ್ಷದ ಹಿಂದೆ ಗಡಿ ದಾಟಿ ಬಂದು ಅರ್ಧ ದೇಶವನ್ನೇ ನುಂಗಿದ್ದವರು ಈಗ ಮೇಜಿನ ಆಚೆ ಕೂತು ಚಹಾ ಕುಡಿಯುತ್ತಿದ್ದರು. ಮೂರನೆಯ ದೇಶವೊಂದು ಇಬ್ಬರ ಮೇಲೂ ಬಾಂಬು ಸುರಿಯತೊಡಗಿದ ಮೇಲೆ ಹಳೆಯ ವೈರಿಗಳಿಗೆ ಕೈ ಕುಲುಕದೆ ಬೇರೆ ದಾರಿ ಇರಲಿಲ್ಲ. ನಡುವೆ ಕೂತ ದುಭಾಷಿ ಮಾತ್ರ ಆ ಚಹಾ ಮುಟ್ಟಲಿಲ್ಲ. ಅವಳ ತಮ್ಮ ಅವರ ಸೆರೆಶಿಬಿರದಲ್ಲಿದ್ದ.

ಒಪ್ಪಂದದಲ್ಲಿ ಉಳಿದದ್ದೆಲ್ಲ ತೀರ್ಮಾನವಾಗಿತ್ತು. ಗಾಡಿ ನಿಂತದ್ದು ಒಂದೇ ಮಾತಿಗೆ. ಸೆರೆಯಾಳುಗಳನ್ನು 'ಕ್ಷಮೆ ನೀಡಿ' ಬಿಡುಗಡೆ ಮಾಡುತ್ತೇವೆ ಎಂದು ಆಚೆಯ ರಾಯಭಾರಿ ಬರೆಸಿದ್ದ.

"ನಮ್ಮ ಹುಡುಗರು ನಮ್ಮ ಮನೆ ಕಾದಿದ್ದು ತಪ್ಪಾ? ಕ್ಷಮಿಸೋಕೆ ಇವರ್ಯಾರು?" ಎಂದು ಈಚೆಯ ಮಂತ್ರಿಗಳು ಪೆನ್ನು ಕೆಳಗಿಟ್ಟರು.

"ಆ ಪದ ತೆಗೆದ್ರೆ ನಮ್ಮೂರಲ್ಲಿ ನನ್ನ ತಲೆ ಉಳಿಯಲ್ಲ," ಎಂದ ರಾಯಭಾರಿ. ಅವನಿಗೆ ಇವರ ಭಾಷೆ ಚೆನ್ನಾಗಿಯೇ ಬರುತ್ತಿತ್ತು. ದುಭಾಷಿಯನ್ನು ಇಟ್ಟುಕೊಂಡದ್ದು ಯೋಚಿಸಲು ಪುರುಸೊತ್ತು ಸಿಗಲಿ ಎಂದು.

ಅವಳ ರಕ್ತವೂ ಕುದಿಯುತ್ತಿತ್ತು. ಆದರೆ ಬೆಳಗ್ಗೆ ಅಮ್ಮ ಹೇಳಿದ್ದು ಕಿವಿಯಲ್ಲೇ ಇತ್ತು: "ಮಾನ ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ ಕಣೇ. ಮೊದಲು ಅವನನ್ನ ಕರ್ಕೊಂಡು ಬಾ." ಇನ್ನೊಂದು ಚಳಿಗಾಲವನ್ನು ಅವನು ಅಲ್ಲಿ ದಾಟಲಾರ. ಸಹಿಯಾಗದೆ ಯಾರೂ ಇಲ್ಲಿಂದ ಏಳಕೂಡದು, ತಮ್ಮನ ತಲೆಯೂ ತಗ್ಗಕೂಡದು ಎಂದು ಅವಳು ಹಟ ಹಿಡಿದಳು.

ಕರಡನ್ನು ಎಳೆದುಕೊಂಡು 'ಕ್ಷಮೆ ನೀಡಿ' ಎಂಬುದನ್ನು ಹೊಡೆದುಹಾಕಿದಳು. ಅದರ ಮೇಲೆ 'ಕ್ಷಮೆಯೊಡನೆ' ಎಂದು ಬರೆದಳು. ಸೆರೆಯಾಳುಗಳನ್ನು ಕ್ಷಮೆಯೊಡನೆ ಬಿಡುಗಡೆ ಮಾಡಲಾಗುವುದು.

ರಾಯಭಾರಿ ಓದಿದ. ಮತ್ತೆ ಓದಿದ. "ಇದರಲ್ಲಿ ಕ್ಷಮೆ ಕೊಡೋರು ಯಾರು, ಕೇಳೋರು ಯಾರು?"

"ನಿಮ್ಮ ಪದ ಅಲ್ಲೇ ಇದೆಯಲ್ಲ ಸಾರ್. ನಿಮ್ಮೂರಲ್ಲಿ ನಿಮಗೆ ಬೇಕಾದ ಹಾಗೆ ಓದ್ಕೊಳ್ಳಿ. ನಾವು ನಮಗೆ ಬೇಕಾದ ಹಾಗೆ ಓದ್ಕೋತೀವಿ."

ಮಂತ್ರಿಗಳು ಮೀಸೆಯಡಿಯಲ್ಲೇ ನಕ್ಕು ಪೆನ್ನು ಎತ್ತಿಕೊಂಡರು. ದೂರದಲ್ಲೆಲ್ಲೋ ಬಾಂಬು ಬಿದ್ದು ಕಿಟಕಿಯ ಗಾಜು ನಡುಗಿತು. ರಾಯಭಾರಿ ಅತ್ತ ನೋಡಿ ಸಹಿ ಹಾಕಿದ.

ಬಿಡುಗಡೆಯಾದವರ ರೈಲು ಬಂದ ದಿನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲುಬಿನ ಗೂಡಾಗಿದ್ದ ಒಬ್ಬ ಅವಳಿಗೆ ಡಿಕ್ಕಿ ಹೊಡೆದ. ಏಟು ಬೀಳುತ್ತದೆಂದು ಹೆದರಿದವನಂತೆ ಹಿಂದೆ ಸರಿದು, ಮುಖವೆತ್ತದೆ ಹೇಳಿದ: "ತಪ್ಪಾಯ್ತು, ಕ್ಷಮಿಸಿ. ಕ್ಷಮಿಸಿ."

ದನಿ ತಮ್ಮನದು. ಅವಳು ಅವನ ಎರಡೂ ಭುಜಗಳನ್ನು ಗಟ್ಟಿಯಾಗಿ ಹಿಡಿದಳು. ಅಳಬಾರದು ಎಂದುಕೊಂಡಿದ್ದಳು, ಅತ್ತುಬಿಟ್ಟಳು.

"ಇನ್ನು ಆ ಮಾತು ನಿನ್ನ ಬಾಯಲ್ಲಿ ಬರಕೂಡದು ಕಣೋ," ಎಂದಳು. "ಕೇಳ್ಬೇಕಾದೋರು ಕೇಳಿ, ಸಹಿನೂ ಹಾಕಿದ್ದಾರೆ."