ಎಡಗೈಯ ಬೆಕ್ಕು

ನನ್ನ ಎಡಗೈಯಲ್ಲಿ ಬೆಕ್ಕಿದೆ ಎಂದು ಕಂಡುಹಿಡಿದವಳು ನನ್ನ ಮಗಳು ಚೈತ್ರ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ಮೊಣಕೈ ಹತ್ತಿರ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ, ಫಿಸ್ಟುಲಾ ಅಂತಾರೆ. ಅಲ್ಲಿ ಕಿವಿಯಿಟ್ಟರೆ ಗುರ್ರ್ ಎನ್ನುತ್ತದೆ. ಅದನ್ನು ಕೇಳದೆ ಆರು ವರ್ಷದ ಅವಳಿಗೆ ನಿದ್ದೆಯಿಲ್ಲ.

ಸೋಮವಾರ ಬೆಳಿಗ್ಗೆ ಅವಳೇ ಎಬ್ಬಿಸಿದಳು.

"ಅಮ್ಮಾ, ಬೆಕ್ಕು ಮಾತಾಡ್ತಿಲ್ಲ."

ಬೆರಳಿಟ್ಟು ನೋಡಿದೆ. ಎಂದಿನ ನಡುಕವಿಲ್ಲ.

"ನಾನು ಅದರ ಮೇಲೆ ಮಲ್ಕೊಂಡಿದ್ದಕ್ಕಾ?"

ಹೌದೋ ಅಲ್ಲವೋ ನನಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಭಾಗವ್ವನನ್ನೂ ಕರೆದುಕೊಂಡು ಲಗ್ಗೆರೆಯಿಂದ ರಾಜಾಜಿನಗರದ ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಚೈತ್ರ ನನ್ನ ಬಲಗೈಯನ್ನೂ ಮುಟ್ಟಲಿಲ್ಲ.

ಡಾಕ್ಟರ್ ಸುಧೀಂದ್ರ ಸ್ಕ್ಯಾನ್ ಮಾಡಿದರು. "ರಕ್ತ ಹೆಪ್ಪುಗಟ್ಟಿದೆ ಲತಾ ಅವ್ರೇ. ಬೇಗ ತೆಗೀಬೇಕು. ಇಲ್ಲಾಂದ್ರೆ ಡಯಾಲಿಸಿಸ್ ಮಾಡೋಕೆ ಕುತ್ತಿಗೆಗೆ ಟ್ಯೂಬ್ ಹಾಕ್ಬೇಕಾಗುತ್ತೆ."

ದಾರಿ ಎರಡಿದ್ದವು. ಕೈ ಕೊಯ್ದು, ನಾಳ ತೆರೆದು ಹೆಪ್ಪನ್ನು ಎಳೆದು ತೆಗೆಯುವುದು. ಇಲ್ಲವೇ ಸೂಜಿಯ ತೂತಿನಿಂದ ತೆಳು ನಳಿಕೆ ತೂರಿಸಿ, ಔಷಧಿ ಬಿಟ್ಟು ಕರಗಿಸಿ ಹೀರುವುದು.

ಹದಿನೈದು ವರ್ಷದಿಂದ ಲಂಗ ಹೊಲಿಯುತ್ತಿರುವವಳು ನಾನು. "ಅಂದ್ರೆ ಸಾರ್, ಲಂಗದೊಳಗೆ ಲಾಡಿ ಸಿಕ್ಕಾಕೊಂಡ್ರೆ ಹೊಲಿಗೆ ಬಿಚ್ಚೋದಾ, ಪಿನ್ ತೂರಿಸೋದಾ ಅಂತ?"

ಅವರು ನಕ್ಕುಬಿಟ್ಟರು. "ಅದೇ. ನೀವೇನ್ ಮಾಡ್ತೀರಿ?"

"ಮೊದ್ಲು ಪಿನ್. ಆಗ್ಲಿಲ್ಲಾಂದ್ರೆ ಬಿಚ್ಚೋದು. ಆದ್ರೆ ಲಾಡಿ ಹೋಗೋ ದಾರಿನೇ ಎಲ್ಲೋ ಬಿಗಿ ಇದ್ರೆ, ಹೇಗ್ ತೆಗೆದ್ರೂ ಮತ್ತೆ ಸಿಕ್ಕಾಕೊಳ್ಳುತ್ತೆ."

"ನಿಮ್ಮ ಕೈದೂ ಅದೇ ಕತೆ." ಪರದೆಯಲ್ಲಿ ನಾಳ ಕಿರಿದಾದ ಜಾಗ ತೋರಿಸಿದರು. "ಇದು ತಿಂಗಳುಗಳಿಂದ ಸಣ್ಣಗಾಗ್ತಾ ಬಂದಿರೋದು. ಕೊಯ್ದ್ರೂ, ತೂರಿಸಿದ್ರೂ, ಇದನ್ನ ಬಲೂನ್ ಹಾಕಿ ಅಗಲ ಮಾಡ್ಲೇಬೇಕು. ಹೆಪ್ಪು ಹೊಸದು. ಮೊದ್ಲು ಪಿನ್ನೇ ನೋಡೋಣ."

"ಸಾರ್, ನನ್ನ ಮಗಳು ಇದನ್ನ ಬೆಕ್ಕು ಅಂತಾಳೆ, ತಾನು ಇದರ ಮೇಲೆ ಮಲ್ಕೊಂಡಿದ್ದಕ್ಕೇ ಹೀಗಾಯ್ತು ಅನ್ಕೊಂಡಿದ್ದಾಳೆ. ಇದು ತಿಂಗಳುಗಳಿಂದ ಆಗ್ತಿದ್ದದ್ದು ಅಂತ ಒಂದ್ಸಲ ಅವಳಿಗೆ ಹೇಳ್ತೀರಾ?"

ಅವರು ಹೊರಗೆ ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು. "ನಿನ್ನಿಂದ ಅಲ್ಲ ಪುಟ್ಟಿ. ಬೆಕ್ಕಿನ ದಾರಿ ಮೊದಲಿಂದ್ಲೇ ಇಕ್ಕಟ್ಟಾಗ್ತಾ ಇತ್ತು."

ಚೈತ್ರ ಭಾಗವ್ವನ ಸೆರಗು ಬಿಡಲಿಲ್ಲ. "ಅದು ಎದ್ಮೇಲೆ ಅದನ್ನೇ ಕೇಳ್ತೀನಿ."

ನಳಿಕೆಯ ದಾರಿಯೇ ಸಾಕಾಯಿತು, ಕೊಯ್ಯಬೇಕಾಗಲಿಲ್ಲ. ಸಂಜೆ ವಾರ್ಡಿನಲ್ಲಿ ಅವಳು ಬ್ಯಾಂಡೇಜಿನ ಪಕ್ಕ ಕಿವಿಯನ್ನು ತಾಗಿಯೂ ತಾಗದಂತೆ ಇಟ್ಟು ಬಹಳ ಹೊತ್ತು ಕೇಳಿದಳು.

"ಏನಂತೆ?" ಎಂದೆ.

"ನಾನಲ್ವಂತೆ."

ಆಮೇಲೆ ಮಂಚ ಸುತ್ತಿ ಬಂದು ನನ್ನ ಬಲಗೈ ಮೇಲೆ ತಲೆಯಿಟ್ಟಳು. "ಆದ್ರೂ ಅದಕ್ಕೆ ಜಾಗ ಬೇಕು ಕಣಮ್ಮ. ನಾನು ಇನ್ಮೇಲೆ ಈ ಕಡೆ."