ಚಳಿಗೆ ಗಟ್ಟಿಯಾದ ಸ್ಲ್ಯಾಬ್

ನಡು ಚಳಿಗಾಲದಲ್ಲೂ ಕೆಲಸಗಾರರು ಸ್ವೆಟರ್ ಬಿಚ್ಚಿಟ್ಟು ಕೆಲಸ ಮಾಡುತ್ತಿದ್ದರು. ಕಾಂಕ್ರೀಟನ್ನು ಬೆಚ್ಚಗಿಡಲೆಂದು ಬಾಡಿಗೆಗೆ ತಂದಿದ್ದ ಹೀಟರುಗಳನ್ನೂ ದಪ್ಪ ಹೊದಿಕೆಗಳನ್ನೂ ಕಂಟ್ರಾಕ್ಟರು ಹಿಂದಿನ ವಾರವೇ ವಾಪಸು ಕಳಿಸಿದ್ದ. "ಈ ವರ್ಷ ಚಳಿ ರಜೆ ಮೇಲೆ ಹೋಗಿದೆ" ಎಂಬುದು ಅವನ ಸಮಜಾಯಿಷಿ. ಎಲ್ಲ ಕೆಲಸವೂ ನಿನ್ನೆಯೇ ಮುಗಿದಿರಬೇಕಿತ್ತು ಎನ್ನುವ ಅವನಿಗೆ ಸೈಟಿನಲ್ಲಿ ಅರ್ಜೆಂಟಣ್ಣ ಎಂದೇ ಹೆಸರು.

ಕಟ್ಟುತ್ತಿದ್ದದ್ದು ಶಿಶುವಿಹಾರ. ಬುಧವಾರ ಮೊದಲ ಮಹಡಿಯ ಸ್ಲ್ಯಾಬ್. ಕಾಂಕ್ರೀಟ್ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿದ್ದಾಗ ಸೈಟ್ ಇಂಜಿನಿಯರಿಗೆ ತಮ್ಮನ ಫೋನ್ ಬಂತು. ಅವನಿಗೆ ಹವಾಮಾನ ಕಚೇರಿಯಲ್ಲಿ ಕೆಲಸ.

"ಅಕ್ಕಾ, ಇವತ್ತು ಸ್ಲ್ಯಾಬ್ ಬೇಡ. ಶುಕ್ರವಾರ ಭಾರೀ ಚಳಿ ಬರೋ ಹಾಗಿದೆ. ಎರಡು ದಿನ ಹಿಂದೆ ಮುಂದೆ ಆಗಬಹುದು."

"ನಾನಿಲ್ಲಿ ಬೆವರ್ತಾ ಇದೀನಿ ಕಣೋ."

"ಧ್ರುವದ ಮೇಲೆ, ತುಂಬಾ ಎತ್ತರದಲ್ಲಿ, ಗಾಳಿ ಸುಳಿ ಥರ ಸುತ್ತುತ್ತಾ ಚಳಿನ ಅಲ್ಲೇ ಕಟ್ಟಿ ಹಾಕಿರತ್ತೆ. ಹೋದ ವಾರ ಅಲ್ಲಿ ದಿಢೀರಂತ ಬಿಸಿಯಾಗಿ ಸುಳಿ ಎರಡು ಹೋಳಾಗಿದೆ. ಒಂದು ಹೋಳು ನಮ್ಮ ಕಡೆ ಜಾರ್ತಿದೆ."

"ಅಲ್ಲಿ ಬಿಸಿಯಾದ್ರೆ ನಮಗೆ ಚಳಿನಾ? ಚೆನ್ನಾಗಿದೆ ನ್ಯಾಯ."

"ಧ್ರುವದ ಮಂಜು ಕರಗ್ತಿರೋದ್ರಿಂದಲೇ ಸುಳಿ ಪದೇ ಪದೇ ಸಡಿಲ ಆಗ್ತಿದೆ ಅಂತಾರೆ ಕೆಲವರು. ಅದರ ಬಗ್ಗೆ ನಮ್ಮಲ್ಲೇ ಇನ್ನೂ ಜಗಳ ಇದೆ. ಸುಳಿ ಒಡೆದಿದೆ ಅನ್ನೋದಕ್ಕೆ ಮಾತ್ರ ಜಗಳ ಇಲ್ಲ."

"ಹೋದ ವರ್ಷವೂ ಹೀಗೇ ಹೆದರಿಸಿದ್ದೆ. ಬಂತಾ?"

"ಬಂತು. ಬೇರೆ ಖಂಡಕ್ಕೆ ಹೋಯ್ತು."

ಅವಳು ನಕ್ಕಳು. ಎರಡು ದಿನ ಬೆಚ್ಚಗಿದ್ದರೆ ಸಾಕು, ಕಾಂಕ್ರೀಟಿಗೆ ಹಿಮ ತಡೆಯುವಷ್ಟು ಕಸುವು ಬರುತ್ತದೆ; ಶುಕ್ರವಾರಕ್ಕೆ ಸರಿಹೋಗುತ್ತದೆ. "ಹಿಂದೆ ಮುಂದೆ" ಎಂದದ್ದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಲಾರಿಗಳಿಗೆ ಕೈಬೀಸಿದಳು.

ಚಳಿ ಅದೇ ರಾತ್ರಿ ಬಂತು.

ಗುರುವಾರ ಬೆಳಗ್ಗೆ ಅವಳು ಬರುವಾಗ ಗೇಟಿನ ಬೀಗವೂ ಹೆಪ್ಪುಗಟ್ಟಿತ್ತು. ಅರ್ಜೆಂಟಣ್ಣ ಆಗಲೇ ಮೇಲೆ ನಿಂತಿದ್ದ. ಸ್ಲ್ಯಾಬಿಗೆ ಹೊದಿಸಿದ್ದ ಟಾರ್ಪಾಲಿನ ತುದಿ ಮಡಚಿ ಸುತ್ತಿಗೆಯಿಂದ ಬಡಿದ. ಠಣ್ ಎಂದಿತು.

"ಕೇಳಿದ್ರಾ ಮೇಡಂ? ಕಲ್ಲು! ರಾತ್ರಿ ಫೋನ್ ಮಾಡಿ ನೀವು ಸುಮ್ಮನೆ ಗಾಬರಿಯಾಗಿದ್ರಿ. ಇವತ್ತೇ ಮೇಲಿನ ಕಂಬಗಳಿಗೆ ಕೈ ಹಾಕೋಣ."

ಅವಳು ಸುತ್ತಿಗೆ ಬಿದ್ದ ಜಾಗಕ್ಕೆ ಬಗ್ಗಿದಳು. ಇಂಥ ಚಳಿಯಲ್ಲಿ, ನಿನ್ನೆ ಸಂಜೆ ಮುಗಿಸಿದ ಕಾಂಕ್ರೀಟು ಹೀಗೆ ಮೊಳಗಬಾರದು.

"ಒಂದು ಕೆಟಲ್ ಬಿಸಿನೀರು ತರಿಸಿ."

"ಸ್ಲ್ಯಾಬಿಗೆ ಸ್ನಾನ ಮಾಡಿಸ್ತೀರಾ?"

ನೀರು ಬಂತು. ಮೂಲೆಯಲ್ಲಿ ಸುರಿದು, ಆವಿ ಇಳಿಯುವವರೆಗೆ ಕಾದು, ಮೊಳೆಯಿಂದ ಗೀರಿದಳು. ಗೀರದಿರಲಿ ಎಂದು ಎಷ್ಟು ಬಯಸಿದಳೆಂದರೆ ಮೊದಲ ಸಲ ಮೊಳೆಯನ್ನು ಒತ್ತಲೇ ಇಲ್ಲ. ಎರಡನೆಯ ಸಲ ಒತ್ತಿದಳು. ಹಸಿ ಮಣ್ಣಿಗೆ ಇಳಿದಂತೆ ಮೊಳೆ ಒಳಗೆ ಹೋಯಿತು. ನಡುವೆ ಸುರಿದು ನೋಡಿದಳು. ಅಲ್ಲೂ ಅದೇ.

"ಕಾಂಕ್ರೀಟು ಗಟ್ಟಿಯಾಗಿಲ್ಲ. ಒಳಗಿನ ನೀರು ಮಂಜುಗಡ್ಡೆಯಾಗಿದೆ ಅಷ್ಟೇ."

ಅರ್ಜೆಂಟಣ್ಣನ ದನಿ ತಗ್ಗಿತು. "ಕರಗಿದ ಮೇಲೆ ಗಟ್ಟಿಯಾಗಲ್ವಾ?"

"ಆಗತ್ತೆ. ಅದೇ ಭಯ. ನೋಡೋಕೆ ಚೆನ್ನಾಗೇ ಇರತ್ತೆ. ಬಲ ಅರ್ಧ ಹೋಗಿರತ್ತೆ."

"ಅರ್ಧ ಉಳಿದಿರತ್ತಲ್ಲ! ಓಡಾಡೋದು ಮಕ್ಕಳು, ಆನೆಗಳಲ್ಲ." ಅವಳು ನಗದಿದ್ದುದನ್ನು ನೋಡಿ ಹತ್ತಿರ ಬಂದ. "ಮೇಡಂ, ಹೀಟರ್ ವಾಪಸ್ ಕಳಿಸಿದ್ದು ನಾನು, ಒಪ್ಪಿದೆ. ಆದ್ರೆ ಹಾಕಿ ಅಂದದ್ದು ನೀವು. ಒಡೆಸಿದ್ರೆ ನಿಮ್ಮ ಕೆಲಸವೂ ಹೋಗತ್ತೆ. ಇದು ಗೊತ್ತಿರೋದು ನಮ್ಮಿಬ್ಬರಿಗೇ. ಟಾರ್ಪಾಲ್ ಮುಚ್ಚಿಬಿಡೋಣ."

ಸುತ್ತಿಗೆಯ ಸದ್ದು ಕೇಳಿದ ಕೆಲಸದ ಹುಡುಗರು ಕೆಳಗಿನಿಂದ ಕಂಬದ ಕಬ್ಬಿಣ ಮೇಲೆತ್ತತೊಡಗಿದ್ದರು. ಒಂದು ಸಲ ಕಂಬ ಎದ್ದರೆ ಮತ್ತೆ ಯಾರೂ ಈ ಸ್ಲ್ಯಾಬನ್ನು ಮುಟ್ಟುವುದಿಲ್ಲ. ತನ್ನಿಂದಲೂ ಆಗಲಿಕ್ಕಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ಅವಳು ಅಂಚಿಗೆ ಬಂದು ಕೂಗಿದಳು: "ಕಬ್ಬಿಣ ಕೆಳಗಿಳಿಸಿ! ಸ್ಲ್ಯಾಬ್ ಒಡೀಬೇಕು!"

ಎಲ್ಲರೂ ತಲೆಯೆತ್ತಿ ಅವಳನ್ನು ಬಿಟ್ಟು ಅರ್ಜೆಂಟಣ್ಣನನ್ನು ನೋಡಿದರು. ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ಒಮ್ಮೆ ತಿರುಗಿಸಿ ಕೆಳಗಿಟ್ಟ.

"ನನ್ನ ಮುಖ ಏನ್ ನೋಡ್ತೀರಿ? ಮೇಡಂ ಹೇಳಿದ್ದು ಕೇಳಿಸ್ಲಿಲ್ವಾ?" ಎಂದವನೇ ಅವಳ ಕಡೆ ತಿರುಗಿದ. "ಮಾಲೀಕರಿಗೆ ಮಾತ್ರ ನೀವೇ ಹೇಳಬೇಕು."

ಅವಳು ಫೋನ್ ತೆಗೆದಳು. ಮರಗಟ್ಟಿದ್ದ ಬೆರಳಿನ ಒತ್ತು ಅದಕ್ಕೆ ತಿಳಿಯಲಿಲ್ಲ. ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಮತ್ತೆ ಒತ್ತಿದಳು.