ಸುಳ್ಳು ಮದುವೆಯ ಗಟ್ಟಿಮೇಳ

ಕೆನ್ನೆಗೆ ಪೌಡರು ಒತ್ತುವ ಸ್ಪಂಜು ತಣ್ಣಗಿದೆ, ಸ್ವಲ್ಪ ಕೆನ್ನೆ ಉಬ್ಬಿಸಿ ಯಜಮಾನ್ರೇ ಅನ್ನುತ್ತಾಳೆ ಮೇಕಪ್ಪಿನ ಹೆಂಗಸು, ಉಬ್ಬಿಸಿದೆ, ಮೀಸೆ ಮೂಡಿದಾಗಿನಿಂದ ಉಬ್ಬಿಸುತ್ತಲೇ ಇದ್ದೇನೆ ತಾಯಿ, ಆದರೆ ಉಬ್ಬಿಸಿ ಸುಮ್ಮನಿರು ಅಂತ ಯಾರೂ ಹೇಳಿದವರಿಲ್ಲ — ಗಂಗಣ್ಣ, ನೀವು ಊದಂಗಿಲ್ಲ, ಊದ್ದಂಗೆ ಮಾಡಿ ಸಾಕು, ಸೌಂಡು ಆಮೇಲೆ ಸ್ಟುಡಿಯೋದಲ್ಲಿ ಹಾಕ್ಕೋತೀವಿ ಅಂತ ಡೈರೆಕ್ಟರು ಬೆಳಿಗ್ಗೆಯೇ ಅಂದಿದ್ದಾರೆ, ನನಗೂ ಅದೇ ಬೇಕಾಗಿದ್ದು, ಅಣ್ಣ ಹೋಗಿ ಇನ್ನೂ ಹನ್ನೊಂದು ದಿನವಾಗಿಲ್ಲ, ಮೈಮೇಲೆ ಸೂತಕ, ಸೂತಕದವನು ಮಂಗಳವಾದ್ಯ ಊದುವುದುಂಟೇ. ಬರುವುದೇ ಇಲ್ಲ ಅಂದಿದ್ದೆ, ಕಳಿಸಿದ್ದು ಅತ್ತಿಗೆ, ಮುನಿರತ್ನಮ್ಮ, ಸಿನಿಮಾದೋರಿಗೆ ಮಾತು ಕೊಟ್ಟೋರು ಹೋದ್ರು, ಮಾತೂ ಹೋಗ್ಬೇಕೇನಪ್ಪಾ, ಹೋಗಿ ಅವರ ಬದ್ಲು ಕೂತ್ಕೊಂಡು ಬಾ, ಸುಳ್ಳು ಮದ್ವೆಗೆ ಎಲ್ಲಿಂದ ಸೂತ್ಕ, ಆದ್ರೆ ಒಂದುಸ್ರು ಒಳಕ್ಕೆ ಬಿಟ್ಟೀಯಾ ಜೋಕೆ, ನಿಮ್ಮಣ್ಣ ನೆಟ್ಟಗೆ ಹೋಗ್ಲಿ, ದಾರೀಲಿ ವಾಲಗದ ಸದ್ದು ಕೇಳಿ ತಿರುಗಿ ನೋಡೋದು ಬೇಡ. ಅಣ್ಣನ ದೀಪದ ಮುಂದೆ ನಿಂತು ಹೇಳಿದೆ, ಬಿಡಲ್ಲ ಅತ್ಗೆ, ನನ್ನಾಣೆ.

ಸುಳ್ಳೇ ಎಲ್ಲ, ನೋಡಿದರೆ ಗೊತ್ತಾಗುತ್ತದೆ, ತೂಬಗೆರೆಯ ಈ ಛತ್ರ ಒಂದು ನಿಜ, ಇಲ್ಲಿ ನಾನೂ ಅಣ್ಣನೂ ಕೂತು ಊದದ ಕಂಬವಿಲ್ಲ, ಮಿಕ್ಕಂತೆ ಮಲ್ಲಿಗೆ ಪ್ಲಾಸ್ಟಿಕ್ಕು, ಪುರೋಹಿತರು ಹೊರಗೆ ಬೀಡಿ ಸೇದಿ ಬಂದು ಜನಿವಾರ ಸರಿಮಾಡಿಕೊಳ್ಳುತ್ತಿದ್ದಾರೆ, ಹೆಣ್ಣು ಫೋನು ನೋಡುತ್ತಿದ್ದಾಳೆ, ತಾಳಿ ಡಬ್ಬಿಯಿಂದ ಬಂತು, ನಿನ್ನೆ ಇನ್ನೊಂದು ಸಿನಿಮಾದಲ್ಲಿ ಇನ್ಯಾರ ಕೊರಳಲ್ಲಿತ್ತೋ. ನಿಜವಾದ ತಾಳಿ ಅಲ್ಲಿದೆ, ಬಾಗಿಲಾಚೆ, ಅತ್ತಿಗೆಯ ಕೊರಳಲ್ಲಿ, ಹನ್ನೊಂದರ ದಿನ ತೆಗೆಯುತ್ತಾರೆ — ಬರಬೇಡಿ ಅಂದರೂ ತಲೆಮೇಲೆ ಸೆರಗು ಹೊದ್ದು ಆಟೋದಲ್ಲಿ ಬಂದೇಬಿಟ್ಟರು, ಮದ್ವೆಮನೆ ಒಳಕ್ಕೆ ಕಾಲಿಡಲ್ಲ ಕಣಪ್ಪ, ಆಚೆ ನಿಂತ್ಕೋತೀನಿ, ಆ ಹುಡುಗ ಅವರ ವಾಲಗ ಹೆಂಗೆ ಹಿಡ್ಕೋತಾನೋ ಒಂದ್ಸಲ ನೋಡ್ಬೇಕು.

ಆ ಹುಡುಗ ಅಂದರೆ ಉಮಾಶಂಕರ್, ಹೀರೋ, ಸಿನಿಮಾದಲ್ಲಿ ಅವನದು ವಾಲಗದವನ ಪಾರ್ಟು, ಈಗ ನನ್ನ ಬಲಕ್ಕೆ ಕೂರುತ್ತಿದ್ದಾನೆ, ಬಲಕ್ಕೆ ಯಾವತ್ತೂ ಅಣ್ಣ, ಬೈರಪ್ಪ, ದೊಡ್ಡಬಳ್ಳಾಪುರ ಸೀಮೆಯಲ್ಲಿ ಬೈರಪ್ಪನ ವಾಲಗ ಅಂದರೆ ಮುಹೂರ್ತವೇ ಒಂದು ಗಳಿಗೆ ಕಾಯುತ್ತಿತ್ತು. ಈ ಹುಡುಗ ಬೇಸಿಗೆಯೆಲ್ಲ ನಮ್ಮ ಜಗಲಿಗೆ ಬಂದು ಕಲಿತ, ಅಣ್ಣನಿಗೆ ಆಗಲೇ ದಮ್ಮಿನ ಕಾಯಿಲೆ ಹಿಡಿದಿತ್ತು, ಊದೋದು ಬರಲ್ಲ ಬಿಡಪ್ಪ ನಿಂಗೆ, ಬೆರಳು ಕಲ್ಸಿಕೊಡ್ತೀನಿ, ಬೆರಳು ಸುಳ್ಳಾಡ್ಬಾರ್ದು ಅಷ್ಟೇ ಅಂದಿದ್ದ. ಕಲಿತಿದ್ದಾನೆ ಕಳ್ಳ, ಬೆರಳಷ್ಟೇ ಅಲ್ಲ, ಅಣ್ಣ ಕೊಡದೇ ಇದ್ದದ್ದನ್ನೂ ತೆಗೆದುಕೊಂಡಿದ್ದಾನೆ, ರಿಹರ್ಸಲ್ಲಿನಲ್ಲಿ ಎಡಗಣ್ಣು ಮುಚ್ಚಿದ, ಗಟ್ಟಿಮೇಳಕ್ಕೆ ಮುಂಚೆ ಅಣ್ಣ ಹಾಗೇ ಮುಚ್ಚುತ್ತಿದ್ದ, ನನಗೆ ಊದಲು ಅದೇ ಸನ್ನೆ. ಹಿಡಿದಿರುವುದೂ ಅಣ್ಣನ ನಾಗಸ್ವರವೇ, ತುಟಿಗಿಡುವ ಹುಲ್ಲಿನ ಪೀಪಿ ಮಾತ್ರ ಅಣ್ಣನ ಎದೆಯ ಮೇಲಿಟ್ಟು ಸುಟ್ಟೆವು, ಈಗ ತುದಿಗೆ ಸಿಕ್ಕಿಸಿರುವುದು ಯಾವುದೋ ಕಡ್ಡಿ, ಊದಿದರೂ ಉಲಿಯದು. ನನ್ನ ಪೀಪಿ ತೆಗೆಯಹೋದೆ, ಬೇಡ ಬೇಡ ಕ್ಲೋಸಪ್ಪಲ್ಲಿ ಕಾಣುತ್ತೆ ಇರಲಿ ಅಂದರು — ಹುಡುಗ ಕೆನ್ನೆ ಉಬ್ಬಿಸಿದ, ಎಡಗಣ್ಣು ಮುಚ್ಚಿ, ಸದ್ದಿಲ್ಲ — ಹೀಗೆಯೇ ಕಂಡಿದ್ದ ಅಣ್ಣ, ಆಸ್ಪತ್ರೆಯಲ್ಲಿ, ಮೂಗುಬಾಯಿಯ ಮೇಲೆ ಆಕ್ಸಿಜನ್ನಿನ ಪ್ಲಾಸ್ಟಿಕ್ ಬಟ್ಟಲು, ಒಳಗೆ ಕೆನ್ನೆ ಉಬ್ಬುತ್ತಿತ್ತು ಇಳಿಯುತ್ತಿತ್ತು, ಇಡೀ ಊರಿಗೆ ಕೇಳುವಂತೆ ಊದಿದವನ ಕೆನ್ನೆ, ಏನಣ್ಣ ಬೇಕು, ಏನಣ್ಣ, ಕಿವಿ ಬಾಯಿಗಿಟ್ಟರೂ ಸದ್ದಿಲ್ಲ.

ಸೈಲೆನ್ಸ್ ಅಂದರು. ಡೋಲಿನವನು ಚರ್ಮಕ್ಕೆ ತಾಕದ ಹಾಗೆ ಕೋಲು ಎತ್ತಿದ. ಲೈಟಿನ ಶಾಖಕ್ಕೆ ಪೌಡರು ಬೆವರಾಗಿ ಕತ್ತಿಗಿಳಿಯುತ್ತಿದೆ, ತುಟಿ ಪೀಪಿಯ ಮೇಲೆ, ನಾಲಿಗೆಗೆ ಅದೇ ಹುಲ್ಲಿನ ರುಚಿ, ತಡಿ ಗಂಗಾ, ಉಸಿರು ಮೂಗಲ್ಲೇ ಇರಲಿ, ಅಣ್ಣ ನೆಟ್ಟಗೆ ಹೋಗಲಿ. ಗಂಡು ತಾಳಿ ಎತ್ತಿದ, ಪುರೋಹಿತರ ವೇಷದವರು ಕೈಯೆತ್ತಿ ಗಟ್ಟಿಮೇಳ ಗಟ್ಟಿಮೇಳ ಅಂದರು, ಉಮಾಶಂಕರ್ ಎಡಗಣ್ಣು ಮುಚ್ಚಿದ, ಏನೂ ಇಲ್ಲ, ಫ್ಯಾನೂ ನಿಲ್ಲಿಸಿದ್ದಾರೆ, ತಾಳಿ ಕಟ್ಟುವ ಗಳಿಗೆ ಇಷ್ಟು ಬರಿದಾಗಿರುವುದನ್ನು ನಾನು ಕಂಡೇ ಇಲ್ಲ, ಆ ಬರಿದಿನೊಳಕ್ಕೆ ಬಾಗಿಲಾಚೆಯಿಂದ ಬಂತು, ಮೊದಲು ಬಿಕ್ಕು, ಆಮೇಲೆ ಅಳು, ಅತ್ತಿಗೆಯದು, ಅಯ್ಯೋ ಅವರೇ ಕಣೋ, ಹಂಗೇ ಕಣ್ ಮುಚ್ತಿದ್ರು ಕಣೋ — ಅಣ್ಣ ಸತ್ತ ದಿನವೂ ಅವರು ಹೀಗೆ ಅತ್ತಿರಲಿಲ್ಲ. ತಾಳಿ ಕಟ್ಟುವಾಗ ಯಾರಾದರೂ ಸೀನಿದ್ದು ಕೇಳಬಾರದು, ಅಳು ಕೇಳಬಾರದು, ಹೆಣ್ಣಿನ ಕಿವಿಗೆ ಅಪಶಕುನ ಬೀಳಬಾರದು, ವಾಲಗ ಇರುವುದೇ ಅದಕ್ಕೆ, ಅಣ್ಣ ಮೊದಲು ಕಲಿಸಿದ್ದು ರಾಗವಲ್ಲ, ಇದು, ಲೇ ಗಂಗಾ, ಅಳು ಕೇಳುಸ್ತೋ, ಮುಚ್ಬಿಡು, ಯೋಚ್ನೆ ಮಾಡ್ಬೇಡ.

ಯೋಚನೆ ಮಾಡಲಿಲ್ಲ. ಛತ್ರದ ಸೂರು ನಡುಗಿದ ಮೇಲೇ ಗೊತ್ತಾಗಿದ್ದು ಊದುತ್ತಿರುವವನು ನಾನು ಅಂತ, ಕಟ್ ಕಟ್, ಗಂಗಣ್ಣ ಊದ್ಬೇಡಿ ಅಂದಿದ್ದೆ ಅಲ್ವೇನ್ರೀ, ಯಾರ್ರೀ ಅಲ್ಲಿ ಅಳೋರು, ಡೈರೆಕ್ಟರು ಕೂಗುವುದು ಕೇಳುತ್ತಿದೆ, ಬಿಡಲಾರೆ, ಆಣೆ ಮುರಿಯಿತು ಅತ್ಗೆ, ಮುರಿದೇ ಹೋಯಿತು, ಈಗ ನಿಲ್ಲಿಸಿದರೆ ನಿಮ್ಮ ಅಳು ಕೇಳುತ್ತದೆ, ನಿಲ್ಲಿಸದಿದ್ದರೆ ಅಣ್ಣ ದಾರಿಯಲ್ಲಿ ನಿಲ್ಲುತ್ತಾನೆ, ತಿರುಗುತ್ತಾನೆ — ತಿರುಗಬೇಡ ಅಣ್ಣ, ಹೋಗು, ಇದು ಸುಳ್ಳು ಮದುವೆ — ಬಲಕ್ಕೆ ನೋಡಬಾರದು, ನೋಡಿದೆ, ಉಮಾಶಂಕರ್ ನಾಗಸ್ವರ ಇನ್ನೂ ಬಿಟ್ಟಿಲ್ಲ, ಕಟ್ ಅಂದರೂ ಬಿಟ್ಟಿಲ್ಲ, ನನ್ನ ಕಡೆ ತಿರುಗಿ, ಉಬ್ಬಿದ ಕೆನ್ನೆ, ಮುಚ್ಚಿದ ಎಡಗಣ್ಣು, ಸದ್ದಿಲ್ಲ.